ಸೋಲಿನ ಸಾಲ ಯಾರದು?

ರಜನಿಕಾಂತ್ ಹುಟ್ಟುಹಬ್ಬವಾದ 2014ರ ಡಿಸೆಂಬರ್ 12ರಂದು ‘ಲಿಂಗಾ’ ತೆರೆಕಂಡಿತು. ನಿರ್ಮಾಪಕರು ನಮ್ಮ ರಾಕ್‌ಲೈನ್ ವೆಂಕಟೇಶ್. ಬ್ರಿಟಿಷರ ಕಾಲದಲ್ಲಿ ಜನರಿಗಾಗಿ ಅಣೆಕಟ್ಟು ಕಟ್ಟಿಸಲು ತನ್ನ ಆಸ್ತಿಯನ್ನೆಲ್ಲ ಕೊಟ್ಟುಬಿಡುವ ರಾಜನ ಕಥೆ. ಕೊನೆಯಲ್ಲಿ ನಾಯಕ ಬೈಕಿನಲ್ಲಿ ಹಾರಿ ಬಲೂನು ಏರುವಾಗ ಬರಬೇಕಾದ ಶಿಳ್ಳೆಯ ಜಾಗಕ್ಕೆ ನಗು ಬಂತು.

ಮರುತಿಂಗಳೇ ನಷ್ಟ ಪರಿಹಾರ ಕೇಳಿ ಕೆಲವು ವಿತರಕರು ಚೆನ್ನೈನಲ್ಲಿ ಉಪವಾಸ ಕೂತರು. 2002ರಲ್ಲಿ ‘ಬಾಬಾ’ ಸೋತಾಗ ರಜನಿ ವಿತರಕರ ನಷ್ಟ ತುಂಬಿಕೊಟ್ಟಿದ್ದರು. ಹಾಗಾದರೆ ಒಮ್ಮೆ ತೋರಿದ ಔದಾರ್ಯ ಮುಂದೆ ಬಾಕಿಯಾಗಿಬಿಡುತ್ತದೆಯೇ?

ಆಗಬಾರದು. ಕೇಳಿ ಪಡೆದದ್ದು ಔದಾರ್ಯವಲ್ಲ. ‘ಬಾಬಾ’ ಅವರದೇ ನಿರ್ಮಾಣ. ಇಲ್ಲಿ ಅವರು ನಟ ಮಾತ್ರ. ವ್ಯಾಪಾರಕ್ಕೆ ಇಳಿದವರು ಲಾಭದಂತೆ ನಷ್ಟವನ್ನೂ ಒಪ್ಪಿಕೊಂಡೇ ಇಳಿಯುತ್ತಾರೆ.

ಆದರೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ವಿತರಕರು ದುಡ್ಡು ಸುರಿದದ್ದು ಕಥೆ ಓದಿಯಲ್ಲ, ಹೆಸರು ನೋಡಿ. ಗೆಲುವೆಲ್ಲ ಹೆಸರಿಗೆ ಸಲ್ಲುವುದಾದರೆ ಸೋಲು ಮಾತ್ರ ಅನಾಥವೇಕೆ? ಕಾನೂನಿನ ಸಾಲ ಇಲ್ಲದಿರಬಹುದು, ನಂಬಿಕೆಯ ಋಣ ಇದ್ದೇ ಇದೆ. ಅದನ್ನು ಉಪವಾಸ ಕೂತು ವಸೂಲಿ ಮಾಡಲಾಗದು, ಋಣಿಗೇ ಅನಿಸಬೇಕು.

ಇಷ್ಟೆಲ್ಲದರ ನಡುವೆ ಟಿಕೆಟ್ ಕೊಂಡವನ ಪರವಾಗಿ ಯಾರೂ ಉಪವಾಸ ಕೂರಲಿಲ್ಲ. ಅವನು ದುಡ್ಡು ವಾಪಸು ಕೇಳುವವನೂ ಅಲ್ಲ. ಬೆಳಗಿನ ಆಟಕ್ಕೆ ಸಾಲಿನಲ್ಲಿ ನಿಂತ ತನ್ನನ್ನು ಹಗುರವಾಗಿ ಕಾಣದೆ, ಮುಂದಿನ ಸಲ ಕಥೆಯ ಮೇಲೂ ಅಷ್ಟೇ ಬೆವರು ಸುರಿಸಲಿ ಎಂಬುದಷ್ಟೇ ಅವನ ಆಸೆ. ಆ ಋಣ ತೀರುವುದು ಹಣದಿಂದಲ್ಲ, ಒಂದು ಒಳ್ಳೆಯ ಸಿನಿಮಾದಿಂದ.