ಟೈ ಹಾಕ್ಲಾ ಸಾರ್?

ಜೆ.ಸಿ. ರಸ್ತೆಯ ಅಂಗಡಿಯ ಹುಡುಗ ನಾಲ್ಕೂ ಚಕ್ರಕ್ಕೆ ಕವರ್ ಕೂರಿಸಿದ. ಅಂಗೈಯಿಂದ ಒಂದೊಂದಕ್ಕೂ ಎರಡೆರಡು ಏಟು ಹಾಕಿ, ಜೇಬಿನಿಂದ ಕಪ್ಪು ಪ್ಲಾಸ್ಟಿಕ್ ಟೈಗಳ ಕಟ್ಟು ತೆಗೆದು, ‘ಟೈ ಹಾಕ್ಲಾ ಸಾರ್?’ ಎಂದ. ನಾನು ಬೇಡ ಎಂದೆ. ಟೈ ಹಾಕಿದರೆ ಅದರ ತುದಿಗಳು ಕಾಣುತ್ತವೆ, ಕಂಡರೆ ಇದು ಬರೀ ಕವರ್ ಎಂಬುದು ಯಾರಿಗಾದರೂ ಗೊತ್ತಾಗಿಬಿಡುತ್ತದೆ. ಹುಡುಗ ಮರುಮಾತಾಡಲಿಲ್ಲ. ನನ್ನಂಥವರನ್ನು ಅವನು ದಿನಕ್ಕೆ ಹತ್ತು ಜನ ನೋಡುತ್ತಿದ್ದಿರಬೇಕು.

ನನ್ನದು ಸಣ್ಣ ಎಲೆಕ್ಟ್ರಿಕ್ ಕಾರು, ಅದರಲ್ಲೂ ಕೆಳಗಿನ ಮಾದರಿ. 14 ಇಂಚಿನ ಕಪ್ಪು ಉಕ್ಕಿನ ಚಕ್ರಗಳು. ನಾನು ಕೊಂಡ ಕವರ್ ಅದೇ ಕಾರಿನ ದುಬಾರಿ ಮಾದರಿಯ ಅಲಾಯ್ ಚಕ್ರದ ಪಡಿಯಚ್ಚು. ರಂಧ್ರಗಳು ಕಡಿಮೆ, ಹೆಚ್ಚುಕಡಿಮೆ ಮುಚ್ಚಿದ ತಟ್ಟೆಯ ಹಾಗೆ. ಮನೆಗೆ ಬಂದು ಹೆಂಡತಿಗೆ, ‘ಗಾಳಿಯ ತಡೆ ಕಡಿಮೆಯಾಗುತ್ತೆ, ಒಂದು ಚಾರ್ಜಿಗೆ ಇನ್ನಷ್ಟು ದೂರ ಹೋಗಬಹುದು’ ಎಂದೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ತಿರುಗುವ ಚಕ್ರದ ಕಂಡಿಗಳಲ್ಲಿ ಗಾಳಿ ಕಲಕಿ ಶಕ್ತಿ ತಿನ್ನುತ್ತದೆ. ಅದನ್ನು ಮುಚ್ಚಿದರೆ ಹೆದ್ದಾರಿಯಲ್ಲಿ ಒಂದಿಷ್ಟು ಉಳಿತಾಯವಿದೆ. ಎಲೆಕ್ಟ್ರಿಕ್ ಕಾರು ವೇಗ ತಗ್ಗಿಸುವಾಗ ಹೆಚ್ಚಿನ ಕೆಲಸ ಮೋಟಾರೇ ಮಾಡುವುದರಿಂದ ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ, ಮುಚ್ಚಿದರೂ ನಡೆಯುತ್ತದೆ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವಂಥದ್ದು. 80ರಲ್ಲಿ ಇರುವ ತಡೆಯ ಕಾಲುಭಾಗ ಮಾತ್ರ 40ರಲ್ಲಿ. ಬೆಂಗಳೂರಿನೊಳಗೆ ನನ್ನ ಕಾರು 40 ಮುಟ್ಟಿದರೆ ಅದು ಹಬ್ಬದ ದಿನ. ಅಂದರೆ ನಾನು ಚಕ್ರಕ್ಕಷ್ಟೇ ಕವರ್ ಹಾಕಿಸಿರಲಿಲ್ಲ, ಕಾರಣಕ್ಕೂ ಒಂದು ಹಾಕಿದ್ದೆ.

ಇದರ ತದ್ವಿರುದ್ಧ ಕಥೆ ಅಮೆರಿಕದಲ್ಲಿದೆ. 2017ರಲ್ಲಿ ಬಂದ ಟೆಸ್ಲಾ ಮಾಡೆಲ್ 3 ಕಾರಿನ 18 ಇಂಚಿನ ಚಕ್ರದ ಮೇಲೆ ಕಂಪನಿಯೇ ಪ್ಲಾಸ್ಟಿಕ್ ಮುಚ್ಚಳ ಕೂರಿಸಿ ಕೊಟ್ಟಿತು, ಗಾಳಿಗೋಸ್ಕರ. ಒಳಗಿದ್ದದ್ದು ಚೆಂದದ ಅಲಾಯ್. ಎಷ್ಟೋ ಮಾಲೀಕರು ಆ ಮುಚ್ಚಳ ಕಿತ್ತಿಟ್ಟು, ಸಿಗುತ್ತಿದ್ದ ಉಳಿತಾಯವನ್ನು ಬಿಟ್ಟುಕೊಟ್ಟು ಅಲಾಯ್ ತೋರಿಸಿಕೊಂಡು ಓಡಾಡಿದರು. ಅವರು ಇದ್ದದ್ದನ್ನು ಕಾಣಿಸಲು ತೆಗೆದರು, ನಾನು ಇಲ್ಲದ್ದನ್ನು ಕಾಣಿಸಲು ಹಾಕಿದೆ. ಹೊರಗಿನವರು ಏನಂದುಕೊಂಡಾರು ಎಂಬ ಯೋಚನೆ ಮಾತ್ರ ಇಬ್ಬರದೂ ಒಂದೇ.

ಹಾಗಾದರೆ ನನ್ನ ಕವರ್ ಸುಳ್ಳೇ? ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಹೌದೆನ್ನುತ್ತಿದ್ದ. ಹೊದಿಕೆಯ ಬಗ್ಗೆ 1898ರಲ್ಲೇ ಬರೆದ ಲೇಖನದಲ್ಲಿ ಅವನದೊಂದು ಕಟ್ಟಳೆಯಿದೆ: ಹೊದಿಸಿದ್ದು ಹೊದ್ದ ವಸ್ತುವೇ ಎಂಬ ಭ್ರಮೆ ಹುಟ್ಟಬಾರದು. ಮರಕ್ಕೆ ಹಸಿರೋ ಕೆಂಪೋ ಬಳಿದುಕೊಳ್ಳಬಹುದು, ಮರದಂತೆಯೇ ಕಾಣುವ ಬಣ್ಣ ಮಾತ್ರ ಕೂಡದು. ಈ ಲೆಕ್ಕದಲ್ಲಿ ನನ್ನ ಚಕ್ರಕ್ಕೆ ಗಿಳಿಹಸಿರು ತಟ್ಟೆ ಹಾಕಿದ್ದರೆ ತಪ್ಪಿರಲಿಲ್ಲ. ಚಕ್ರದ ಮೇಲೆ ಇನ್ನೊಂದು ಚಕ್ರದ ಮುಖ ಹಾಕಿದ್ದು ತಪ್ಪು.

ಓದಿದಾಗ ಒಪ್ಪಿಗೆಯಾಗುವ ಮಾತು. ಆದರೆ ನನಗೆ ನೆನಪಾದದ್ದು ನನ್ನ ಸೋದರತ್ತೆ. ಮಾವನ ಕಾಯಿಲೆಗೆ ಸರ ಅಡವಿಟ್ಟ ವರ್ಷ ಅವರು ಮನೆಯ ಮದುವೆಗೆ ಗಿಲೀಟಿನ ಸರ ಹಾಕಿಕೊಂಡು ಬಂದಿದ್ದರು. ಅದು ಗಿಲೀಟೆಂದು ಛತ್ರದಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ತಮಗೆ ಗೊತ್ತೆಂಬುದು ಅತ್ತೆಗೆ ಗೊತ್ತಿದೆ ಎನ್ನುವುದೂ ಗೊತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಒಬ್ಬಾಕೆ ‘ಚೆನ್ನಾಗಿ ಒಪ್ಪುತ್ತೆ ಕಣೇ’ ಎಂದೂ ಅಂದರು. ಅಲ್ಲಿ ಮೋಸ ಹೋದವರು ಯಾರು? ಯಾರೂ ಇಲ್ಲ. ಬರಿಗೊರಳಿನಲ್ಲಿ ಬಂದು ಮದುಮಗಳ ತಾಯಿಯ ಮನಸ್ಸಿಗೆ ಕಸಿವಿಸಿ ಮಾಡಬಾರದೆಂದು ಅತ್ತೆ ಹಾಕಿಕೊಂಡದ್ದು, ಅದನ್ನು ನಿಜವೆಂಬಂತೆ ಉಳಿದವರು ನೋಡಿದ್ದು. ಲೂಸ್‌ನ ಕಟ್ಟಳೆಗೆ ಈ ಛತ್ರದಲ್ಲಿ ಎಲೆ ಹಾಕುವವರಿಲ್ಲ. ಹೀಗೆಲ್ಲ ವಾದ ಹೂಡಿ ಸುಮಾರು ಎರಡು ತಿಂಗಳು ನಾನು ನೆಮ್ಮದಿಯಾಗಿದ್ದೆ. ನನ್ನ ಕವರ್ ಕೂಡ ಅತ್ತೆಯ ಸರದ ಜಾತಿಯದೇ ಎಂದುಕೊಂಡಿದ್ದೆ.

ಮಳೆ ನಿಂತ ಒಂದು ಭಾನುವಾರ ಬೆಳಿಗ್ಗೆ ರಿಂಗ್ ರಸ್ತೆ ಖಾಲಿಯಿತ್ತು. ಅಪರೂಪಕ್ಕೆ 60ರಲ್ಲಿದ್ದೆ. ಆ ವೇಗದಲ್ಲಿ ನನ್ನ ಕಾರಿನ ಚಕ್ರ ಸೆಕೆಂಡಿಗೆ ಸುಮಾರು ಒಂಬತ್ತು ಸುತ್ತು ತಿರುಗುತ್ತದೆ. ಎಡಗಡೆಯ ಮುಂದಿನ ಚಕ್ರ ನೀರು ತುಂಬಿದ ಗುಂಡಿಗೆ ಇಳಿದು ಎದ್ದಿತು. ಟಪ್ ಎಂಬ ಸದ್ದು. ಕನ್ನಡಿಯಲ್ಲಿ ನೋಡಿದರೆ ಬೆಳ್ಳಿಬಣ್ಣದ ತಟ್ಟೆಯೊಂದು ನೆಟ್ಟಗೆ ನಿಂತು, ಆಟಕ್ಕೆ ಬಿಟ್ಟ ಬಳೆಯ ಹಾಗೆ ಉರುಳುತ್ತಿದೆ. ಅದರ ಹಿಂದೆ ನೀಲಿ ಸ್ಕೂಟರು, ಮೇಲೊಬ್ಬ ಹೆಂಗಸು. ಸ್ಕೂಟರು ಓಲಾಡಿತು. ಒಂದು ಕಾಲು ನೆಲಕ್ಕೆ ಬಂತು. ಅಷ್ಟರಲ್ಲಿ ರಸ್ತೆ ತಿರುಗಿ, ಕನ್ನಡಿಯಲ್ಲಿ ಬರೀ ಮರಗಳು.

ನಾನು ತಕ್ಷಣ ನಿಲ್ಲಿಸಲಿಲ್ಲ. ಇದನ್ನು ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದ್ದೇನೆ. ನಿಲ್ಲಿಸಲು ಜಾಗವಿತ್ತು, ಹಿಂದೆ ವಾಹನವಿರಲಿಲ್ಲ. ‘ಬಿದ್ದಿಲ್ಲ, ಕಾಲೂರಿದಳು ಅಷ್ಟೇ’ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಮುಂದಿನ ಯು-ಟರ್ನ್‌ವರೆಗೂ ಹೋದೆ. ಆ ತಟ್ಟೆಯ ಮೇಲೆ ನನ್ನ ಹೆಸರಿಲ್ಲ, ನಂಬರಿಲ್ಲ ಎಂಬುದೂ ಮನಸ್ಸಿಗೆ ಬಂತು. ಇನ್ನೊಂದು ಯು-ಟರ್ನ್ ಹುಡುಕಿ, ವಾಪಸ್ ಅದೇ ಜಾಗಕ್ಕೆ ಬರುವಷ್ಟರಲ್ಲಿ ಹತ್ತು ನಿಮಿಷವಾಗಿತ್ತು. ಸ್ಕೂಟರಿರಲಿಲ್ಲ. ಪಂಕ್ಚರ್ ಅಂಗಡಿಯವನೊಬ್ಬ ಕವರನ್ನು ಎತ್ತಿ ತನ್ನ ಗೋಡೆಗೆ ಒರಗಿಸಿಟ್ಟಿದ್ದ. ಗೋಡೆಯ ತುಂಬ ಬೇರೆಬೇರೆಯವರು ಕಳೆದುಕೊಂಡ ಅಂಥವೇ ತಟ್ಟೆಗಳು ಮೊಳೆಗೆ ನೇತಾಡುತ್ತಿದ್ದವು. ‘ಆ ಅಮ್ಮ?’ ಎಂದೆ. ‘ಮೊಣಕಾಲು ಉಜ್ಕೊತಾ ಹೋದ್ರು. ನಿಮ್ದಾ ಇದು?’ ಎಂದ. ಹೌದೆಂದೆ. ಕವರ್ ಕೈಗೆ ಕೊಟ್ಟು, ‘ಟೈ ಹಾಕ್ಸಿರ್ಲಿಲ್ವಾ?’ ಎಂದು ಕೇಳಿದ.

ಅತ್ತೆಯ ಸರ ಜಾರಿ ಬಿದ್ದಿದ್ದರೂ ಅತ್ತೆಯ ಕಾಲ ಬುಡಕ್ಕೇ ಬೀಳುತ್ತಿತ್ತು. ಇಷ್ಟು ಸರಳ ವ್ಯತ್ಯಾಸ ನನಗೆ ಎರಡು ತಿಂಗಳಲ್ಲಿ ಹೊಳೆಯಲಿಲ್ಲ. ನೋಡುವ ಕಣ್ಣಿಗೆ ನಾನೇನು ಮಾಡುತ್ತಿದ್ದೇನೆ ಎಂದು ಅಷ್ಟೊಂದು ತಲೆಕೆಡಿಸಿಕೊಂಡವನು, ಆ ಕಣ್ಣಿರುವವರಿಗೆ ಮೊಣಕಾಲೂ ಇರುತ್ತದೆ ಎಂದು ಯೋಚಿಸಿರಲಿಲ್ಲ. ಟೈ ಬೇಡವೆಂದದ್ದು ಚೆಂದ ಕೆಡುತ್ತದೆಂದು. ಆ ಚೆಂದದ ಬೆಲೆಯನ್ನು ಹಿಂದೆ ಬರುತ್ತಿದ್ದ ಯಾರಿಂದಲೋ ವಸೂಲಿ ಮಾಡಿದ್ದೆ.

ಉಳಿದ ಮೂರಕ್ಕೆ ಅಲ್ಲೇ ಟೈ ಹಾಕಿಸಿದೆ, ಒಂದೊಂದಕ್ಕೆ ನಾಲ್ಕು. ಕಪ್ಪು ತುದಿಗಳು ದೂರದಿಂದಲೇ ಕಾಣುತ್ತವೆ. ಬಿರುಕು ಬಿಟ್ಟ ನಾಲ್ಕನೆಯದು ಡಿಕ್ಕಿಯಲ್ಲಿದೆ. ಕೆಳಗಿನ ಮನೆಯ ಹುಡುಗ ಎಣಿಸಿ ನೋಡಿ, ‘ಅಂಕಲ್, ಇನ್ನೊಂದು ಎಲ್ಲಿ?’ ಎಂದು ಕೇಳಿದ. ‘ಗುಂಡಿಯಲ್ಲಿ ಬಿದ್ದುಹೋಯ್ತು’ ಎಂದೆ. ಅವನು ರಸ್ತೆ ಮಾಡಿದವರನ್ನು ಬೈದ. ನಾನೂ ತಲೆಯಾಡಿಸಿದೆ.