ಹಣ್ಣು ಕೊಟ್ಟು ಹೋದವರು

ಗಾಲಿಕುರ್ಚಿಯಲ್ಲಿ ಕೂತ ಹುಡುಗನೊಬ್ಬ ಕತ್ತಲಾಗುವುದನ್ನೇ ಕಾಯುತ್ತಿದ್ದಾನೆ. ಕಾಲುಗಳಿಲ್ಲ, ಮೊಣಕೈಯಿಂದಾಚೆ ಕೈಯೂ ಇಲ್ಲ. ಉದ್ಯಾನದಲ್ಲಿ ಆಡುವ ಹುಡುಗರ ಕೂಗು ಕೇಳುತ್ತಿದೆ. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವನ್ 1917ರಲ್ಲಿ ಬರೆದ ‘ಡಿಸೇಬಲ್ಡ್’ ಕವಿತೆಯಲ್ಲಿ ಯುದ್ಧಭೂಮಿ ಬರುವುದು ಹೆಸರಿಗಷ್ಟೆ. ಮಿಕ್ಕಿದ್ದೆಲ್ಲ ಊರಿನ ಸಂಗತಿ. ಫುಟ್‌ಬಾಲ್ ಪಂದ್ಯ ಮುಗಿದಾಗ ಗೆಳೆಯರು ಅವನನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಕಾಲ ಮೇಲಿನ ರಕ್ತದ ಕಲೆ ಆಗ ಜಂಬದ ವಿಷಯ. ಅಂಥದೇ ಒಂದು ಪಂದ್ಯದ ನಂತರ, ಕುಡಿದ ಗುಂಗಿನಲ್ಲಿ, ಬಹುಶಃ ಮೆಗ್ ಎಂಬ ಹುಡುಗಿ ಮೆಚ್ಚಲಿ ಎಂದು ಸೈನ್ಯಕ್ಕೆ ಹೆಸರು ಕೊಟ್ಟ. ವಯಸ್ಸು ಸಾಲದೆಂದು ಕಂಡರೂ ಬರೆದುಕೊಳ್ಳುವವರು ನಗುನಗುತ್ತ ಹತ್ತೊಂಬತ್ತು ಎಂದು ಗೀಚಿದರು. ವಾಪಸು ಬಂದಾಗ ಗೋಲು ಹೊಡೆದಾಗ ಸಿಗುವಷ್ಟು ಜೈಕಾರವೂ ಇಲ್ಲ. ಗಂಭೀರ ಮುಖದ ಒಬ್ಬಾತ ಮಾತ್ರ ಹಣ್ಣು ತಂದುಕೊಟ್ಟು, ಧನ್ಯವಾದ ಹೇಳಿ, ಅವನ ಆತ್ಮದ ಯೋಗಕ್ಷೇಮ ವಿಚಾರಿಸಿ ಹೋಗುತ್ತಾನೆ.

ಆ ಕವಿತೆಯಲ್ಲಿ ನನ್ನನ್ನು ಹೆಚ್ಚು ಕಾಡುವವನು ಈ ಹಣ್ಣಿನವನೇ. ಅವನೇನೂ ಕೆಟ್ಟವನಲ್ಲ. ಆಸ್ಪತ್ರೆ ಬಾಗಿಲಲ್ಲಿ ಅರ್ಧ ಕಿಲೋ ಮೂಸಂಬಿ ಕಟ್ಟಿಸಿಕೊಂಡು ಒಳಹೋಗಿ, ಮಾತಿಲ್ಲದೆ ತಡವರಿಸಿ, ‘ಬರ್ತೀವಿ, ಆರೋಗ್ಯ ನೋಡ್ಕೊಳ್ಳಿ’ ಎಂದು ಎದ್ದು ಬರುವ ನಮಗೆಲ್ಲ ಅವನ ಗುರುತು ಸಿಗಬೇಕು. ಹೆಂಗಸರ ಕಣ್ಣು ಹುಡುಗನನ್ನು ದಾಟಿ ಕೈಕಾಲು ನೆಟ್ಟಗಿರುವ ಗಂಡಸರ ಕಡೆ ಹೊರಳುವುದನ್ನೂ ಓವನ್ ಬಿಡದೆ ಗಮನಿಸುತ್ತಾನೆ. ಗಾಯ ಮಾಡಿದ್ದು ಶೆಲ್. ಒಂಟಿ ಮಾಡಿದವರು ಊರಿನವರು.

ಓವನ್ ಇದನ್ನು ಬರೆದದ್ದು ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ. ‘ಶೆಲ್ ಶಾಕ್’, ಅಂದರೆ ಯುದ್ಧದ ಮಾನಸಿಕ ಆಘಾತ, ತಗುಲಿದ ಸೇನಾಧಿಕಾರಿಗಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ್ದ ಸೈನಿಕ ಕವಿ ಸೀಗ್‌ಫ್ರೀಡ್ ಸಸೂನ್ ಕೂಡ ಆ ವರ್ಷ ಅಲ್ಲೇ ಇದ್ದ. ಅವನನ್ನು ನೋಡಿಕೊಂಡ ವೈದ್ಯರು ಡಬ್ಲ್ಯು. ಎಚ್. ಆರ್. ರಿವರ್ಸ್. ನಮ್ಮ ನೆರೆಯ ನೀಲಗಿರಿಗೆ ಬಂದು, ತೋಡರ ಬದುಕಿನ ಬಗ್ಗೆ 1906ರಲ್ಲಿ ದಪ್ಪ ಪುಸ್ತಕ ತಂದ ರಿವರ್ಸ್ ಇವರೇ! ‘ಅದನ್ನೆಲ್ಲ ಮರೆತುಬಿಡಿ’ ಎಂದು ಎಲ್ಲರೂ ಸೈನಿಕರಿಗೆ ಬುದ್ಧಿ ಹೇಳುತ್ತಿದ್ದಾಗ, ಬಲವಂತದ ಮರೆವೇ ರೋಗ ಬೆಳೆಸುತ್ತದೆ ಎಂದವರು ಅವರು. ಸಸೂನನ ‘ಡಸ್ ಇಟ್ ಮ್ಯಾಟರ್?’ ಎಂಬ ಪುಟ್ಟ ಕವಿತೆ ಆ ಬುದ್ಧಿವಾದವನ್ನೇ ಹಿಡಿದು ಜಗ್ಗುತ್ತದೆ. ಕಾಲು ಹೋದರೇನು, ಕಣ್ಣು ಹೋದರೇನು, ಕೆಟ್ಟ ಕನಸು ಬಿದ್ದರೇನು, ಜನ ಹೇಗೂ ಒಳ್ಳೆಯವರು, ಕರುಣೆ ತೋರಿಸುತ್ತಾರೆ ಎಂಬ ಧಾಟಿ. ನಗುಮುಖದ ಕರುಣೆ ಇಷ್ಟು ಅಸಹ್ಯವಾಗಿ ಕಾಣುವ ಕವಿತೆಯನ್ನು ನಾನು ಬೇರೆ ಓದಿಲ್ಲ.

ಯುದ್ಧದಿಂದ ಮರಳಿದವರ ಮನೆಯೊಳಗಿನ ಸ್ಥಿತಿಯೂ ಬೇರೆಯಿರಲಿಲ್ಲ. ಹೆಂಡತಿ ಪಕ್ಕದಲ್ಲೇ ಮಲಗಿದ್ದರೂ ನಡುರಾತ್ರಿ ಹಾಸಿಗೆಯ ಮೇಲೆ ಶೆಲ್ ಬಂದು ಸಿಡಿಯುತ್ತಿತ್ತು ಎಂದು ಕವಿ ರಾಬರ್ಟ್ ಗ್ರೇವ್ಸ್ 1929ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಹತ್ತಿರದವರ ಮಾತು ತಲುಪದ ಈ ಸ್ಥಿತಿ ಕನ್ನಡ ಕಾವ್ಯಕ್ಕೆ ಹೊಸದೇನಲ್ಲ. ರನ್ನನ ಗದಾಯುದ್ಧದಲ್ಲಿ ಹೆತ್ತವರೇ ಬಂದು ಸಂಧಿ ಮಾಡಿಕೊಳ್ಳಪ್ಪಾ ಎಂದು ಅಂಗಲಾಚಿದರೂ ದುರ್ಯೋಧನನಿಗೆ ಅದು ತಟ್ಟುವುದಿಲ್ಲ. ಕರ್ಣ ದುಶ್ಶಾಸನರಿಲ್ಲದ ನೆಲ ಅವನಿಗೆ ಬೇಡ. ಬದುಕಿರುವ ತಾಯಿಗಿಂತ ಸತ್ತ ಗೆಳೆಯ ಹತ್ತಿರವಾಗಿಬಿಟ್ಟಿದ್ದಾನೆ.

ಸತ್ತ ಗೆಳೆಯನ ವಿಷಯಕ್ಕೆ ಬಂದರೆ ಐವರ್ ಗರ್ನಿಯನ್ನು ಬಿಡುವಂತಿಲ್ಲ. ಗ್ಲಾಸ್ಟರ್ ಊರಿನವನು, ಸಂಗೀತಗಾರ, ಸಾಮಾನ್ಯ ಸಿಪಾಯಿ. 1917ರಲ್ಲಿ ಗುಂಡೇಟು ತಿಂದ, ಅದೇ ವರ್ಷ ವಿಷಾನಿಲಕ್ಕೂ ಸಿಕ್ಕಿದ. ಅವನ ‘ಟು ಹಿಸ್ ಲವ್’ ಕವಿತೆ ಸತ್ತವನ ಪ್ರಿಯತಮೆಯನ್ನು ಉದ್ದೇಶಿಸಿದ್ದು. ಶುರುವಿನಲ್ಲಿ ಎಲ್ಲ ಹದವಾಗಿದೆ: ಬೆಟ್ಟ, ಕುರಿ, ನದಿಯಲ್ಲಿ ದೋಣಿ. ಕೊನೆಗೆ ಬರುವಷ್ಟರಲ್ಲಿ ಸಮಾಧಾನ ಹೇಳುತ್ತಿದ್ದವನ ಹಿಡಿತವೇ ತಪ್ಪುತ್ತದೆ. ಬೇಗ ಹೂ ಮುಚ್ಚಿ, ನಾನು ಕಂಡದ್ದು ಕಣ್ಣಿಂದ ಮರೆಯಾಗಲಿ ಎಂದು ಅವಸರಪಡುತ್ತಾನೆ. ಅವಳಿಗೆ ಹೇಳಬಾರದ್ದು ಅವನ ಬಾಯಿಂದ ಬಂದೇಬಿಡುತ್ತದೆ.

1922ರಲ್ಲಿ ಗರ್ನಿಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಎಲ್ಲವನ್ನೂ ಯುದ್ಧದ ತಲೆಗೆ ಕಟ್ಟುವುದು ಸರಿಯಲ್ಲ, 1913ರಲ್ಲೇ ಒಮ್ಮೆ ಅವನ ಮನಸ್ಸು ಕುಸಿದಿತ್ತು. 1937ರಲ್ಲಿ ಸಾಯುವವರೆಗೂ ಹೊರಗೆ ಬಿಡಲಿಲ್ಲ. ಬಿಡಿಸಿ ಎಂದು ಪೊಲೀಸರಿಗೂ ಮನವಿ ಬರೆಯುತ್ತಿದ್ದ. 1930ರ ದಶಕದಲ್ಲಿ ಅವನನ್ನು ನೋಡಲು ಬಂದವರಲ್ಲಿ ಹೆಲೆನ್ ಥಾಮಸ್ ಒಬ್ಬರು. ಆಕೆಯ ಗಂಡ, ಕವಿ ಎಡ್ವರ್ಡ್ ಥಾಮಸ್, 1917ರ ಏಪ್ರಿಲ್ 9ರಂದು ಫ್ರಾನ್ಸಿನ ಆರಾಸ್ ಕಾಳಗದಲ್ಲಿ ಸತ್ತಿದ್ದರು. ಅವರ ಕವಿತೆಗಳಿಗೆ ಗರ್ನಿ ರಾಗ ಹಾಕಿದ್ದ. ಒಂದು ಭೇಟಿಗೆ ಹೆಲೆನ್ ಗಂಡ ಬಳಸಿ ಸವೆದಿದ್ದ ಗ್ಲಾಸ್ಟರ್‌ಶೈರ್ ನಕ್ಷೆಯನ್ನು ತಂದರು. ಹಾಸಿಗೆಯ ಮೇಲೆ ಬಿಡಿಸಿ ಇಬ್ಬರೂ ಬೆರಳಿಟ್ಟು ಓಣಿ, ಕಾಲುದಾರಿ, ಗುಡ್ಡ, ಊರು ಎಂದು ನಡೆದರು. ಆಕೆ ಕನಿಕರಪಟ್ಟು ಏನನ್ನೂ ಕೇಳಲಿಲ್ಲ, ದಾರಿ ತೋರಿಸಲು ಅವನಿಗೇ ಬಿಟ್ಟರು. ಹಣ್ಣು ಕೊಡುವುದಕ್ಕೂ ಇದಕ್ಕೂ ಇರುವ ಅಂತರ ಇದೇ.

ಸೈನಿಕರ ಕವಿತೆಗಳ ಬಗ್ಗೆ ನನ್ನದೊಂದು ತಕರಾರಿದೆ. ಅವುಗಳಲ್ಲಿ ಹೆಣ್ಣು ಸಾಮಾನ್ಯವಾಗಿ ನೋಡುವ ಕಣ್ಣು, ಇಲ್ಲವೇ ಅಳುವ ತಾಯಿ. ಸಸೂನ್ ಅಂತೂ ‘ಗ್ಲೋರಿ ಆಫ್ ವಿಮೆನ್’ನಲ್ಲಿ ಹೆಂಗಸರನ್ನೆಲ್ಲ ಒಟ್ಟಿಗೆ ಕಟಕಟೆಗೆ ಹತ್ತಿಸುತ್ತಾನೆ. ಅವರ ಕಡೆಯ ಸಂಗತಿ ಬೇಕಾದವರು ಹೆಲೆನ್ ಬರೆದ ಗದ್ಯವನ್ನು ಓದಬೇಕು: 1926ರ ‘ಆ್ಯಸ್ ಇಟ್ ವಾಸ್’, 1931ರ ‘ವರ್ಲ್ಡ್ ವಿದೌಟ್ ಎಂಡ್’. ಗಂಡ ಹುತಾತ್ಮನಾದನೆಂದು ಆಕೆ ಅವನನ್ನು ದೇವರ ಪಟ ಮಾಡಿ ಗೋಡೆಗೆ ತೂಗುಹಾಕಲಿಲ್ಲ. ಅವನ ಸಿಡುಕು, ವಾರಗಟ್ಟಲೆಯ ಮಂಕು, ಮನೆಬಿಟ್ಟು ಅಲೆದದ್ದು, ಸಂಸಾರ ತೂಗಿಸಲು ತಾನು ಪಟ್ಟ ಪಾಡು, ಎಲ್ಲ ಅಲ್ಲಿವೆ. ಯುದ್ಧಕ್ಕೆ ಎಷ್ಟೋ ಮೊದಲೇ ಶುರುವಾಗಿದ್ದ ದಾಂಪತ್ಯದೊಳಕ್ಕೆ ಯುದ್ಧ ಕಾಲಿಟ್ಟದ್ದು ಹೇಗೆಂದು ಅಲ್ಲಿ ಪುಟಪುಟವೂ ಹೇಳುತ್ತದೆ.