ಪೆಟ್ಟಿಗೆಯ ಕೆಳಗಿನ ನೆಲ

ತಬಲಾ ಬಟ್ಟೆಯ ಸಿಂಬೆಯ ಮೇಲೆ ಕೂರುತ್ತದೆ. ಚೆಲ್ಲೋ ತನ್ನ ಲೋಹದ ಮೊನೆಯನ್ನು ನೆಲಕ್ಕೆ ಊರಿ ನಿಲ್ಲುತ್ತದೆ. ಒಂದಕ್ಕೆ ನೆಲದಿಂದ ಬಿಡುಗಡೆ ಬೇಕು, ಇನ್ನೊಂದಕ್ಕೆ ನೆಲದ ಜೊತೆ. ಸ್ಪೀಕರ್ ಇಡುವವರಲ್ಲೂ ಇವೇ ಎರಡು ಪಂಗಡ. ಕೆಲವರು ಸ್ಟ್ಯಾಂಡಿನ ಕಾಲಿಗೆ ಉಕ್ಕಿನ ಮೊಳೆ ಹಾಕಿ ನೆಲಕ್ಕೆ ಕಚ್ಚಿಸುತ್ತಾರೆ, ಕೆಲವರು ಅಡಿಗೆ ರಬ್ಬರ್ ಇಡುತ್ತಾರೆ.

ಮೊಳೆ ಕಂಪನವನ್ನು ನೆಲಕ್ಕೆ ಬಸಿದು ಹಾಕುತ್ತದೆ, ಹಿಂದಕ್ಕೆ ಬಿಡುವುದಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ಆದರೆ ಅದೇ ಮೊಳೆಯ ಮೂಲಕ ನೆಲದ ಅದುರೂ ಮೇಲೆ ಬರುತ್ತದೆ. ಮರದ ಅಟ್ಟದ ಮೇಲಾದರೆ ಹಲಗೆಯೇ ಇನ್ನೊಂದು ಸ್ಪೀಕರ್ ಆಗಿ ಗುಂಯ್‌ಗುಡುತ್ತದೆ. ರಬ್ಬರೂ ಮಂತ್ರದಂಡವೇನಲ್ಲ. ಅದರ ಮೇಲೆ ಕೂತ ಪೆಟ್ಟಿಗೆಗೆ ತನ್ನದೇ ಒಂದು ಸಹಜ ಆವೃತ್ತಿ ಇರುತ್ತದೆ. ಅದರ ಸುಮಾರು 1.4 ಪಟ್ಟಿಗಿಂತ ಮೇಲಿನ ಕಂಪನವನ್ನಷ್ಟೇ ರಬ್ಬರ್ ತಡೆಯುತ್ತದೆ. ಆ ಆವೃತ್ತಿಯ ಆಸುಪಾಸಿನಲ್ಲಿ ಇನ್ನಷ್ಟು ಹೆಚ್ಚಿಸುತ್ತದೆ.

ಈ ವಾದವೆಲ್ಲ ನಡೆಯುವುದು ಕುರ್ಚಿಯಲ್ಲಿ ಕೂತು ಕೇಳುವವನ ಕಿವಿಯ ಸುಖಕ್ಕಾಗಿ. ಕೆಳಮನೆಯವರ ಮಾತು ಬರುವುದು ಅವರು ಬಂದು ಬಾಗಿಲು ತಟ್ಟಿದಾಗಲೇ. ಬಾಗಿಲು ತಟ್ಟಲಾರದವರು ಪಕ್ಕದಲ್ಲಿದ್ದರೆ?

ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರನ್ನು ನೆನೆಯಿರಿ. ಬಂಡೀಪುರದ ಒಂದು ಅರಣ್ಯ ವಲಯಕ್ಕೆ ಈ ಊರಿನದೇ ಹೆಸರು. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಏಷ್ಯಾದ ಆನೆಗಳು ಮನುಷ್ಯನ ಕಿವಿಗೆ ನಿಲುಕದ ತಗ್ಗು ದನಿಯಲ್ಲಿ ಮಾತಾಡಿಕೊಳ್ಳುತ್ತವೆ ಎಂಬುದನ್ನು ಕೇಟಿ ಪೇನ್ 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಗುರುತಿಸಿದರು. ಆ ದನಿ ನೆಲದಲ್ಲೂ ಹರಿಯುತ್ತದೆ, ಆನೆ ಅದಕ್ಕೆ ಓಗೊಡುತ್ತದೆ ಎಂದು ಮುಂದೆ ನಮೀಬಿಯಾದಲ್ಲಿ ಕೇಟ್ಲಿನ್ ಒ'ಕಾನೆಲ್ ತೋರಿಸಿದರು. ಕಾಡಂಚಿನ ಬರಿನೆಲದ ಮೇಲಿಟ್ಟ ಬೇಸ್ ಪೆಟ್ಟಿಗೆಯ ಕೆಳಗಿರುವ ಮಣ್ಣು ಆನೆಯ ಮಟ್ಟಿಗೆ ಕಿವಿಯ ಮುಂದುವರಿಕೆ.

ಹಾಗಾದರೆ ರಬ್ಬರ್ ಹಾಕೋಣ ಎನ್ನುವುದು ಸುಲಭ. ಗಾಳಿಯಲ್ಲಿ ಹೋಗುವ ಸದ್ದನ್ನು ಅದು ಕೂದಲೆಳೆಯಷ್ಟೂ ತಡೆಯದು. ದನಿ ತಗ್ಗಿಸದೆ ಅಡಿಗೆ ರಬ್ಬರ್ ಇಡುವುದೆಂದರೆ, ನನಗೆ ಕಾಣುವಂತೆ, ಮನಸ್ಸಾಕ್ಷಿಯ ಕೆಳಗೆ ಹಾಸಿದ ಮೆತ್ತೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವುದನ್ನು ತಡೆಯುತ್ತವೆ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಲು ರಾಜ್ಯಕ್ಕೆ ಅವಕಾಶವೂ ಇದೆ. ಈ ಲೆಕ್ಕದಲ್ಲಿರುವುದು ಮನುಷ್ಯರ ನಿದ್ದೆ.

ಆನೆ ನುಗ್ಗಿ ರಾಗಿ ಹೊಲ ಕಳೆದುಕೊಂಡವನಿಗೆ ಆನೆಯ ಕಿವಿಯ ಬಗ್ಗೆ ಉಪದೇಶವೇ ಎಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಅವನೂ ರಾತ್ರಿಯೆಲ್ಲ ಅಟ್ಟಣೆಯಲ್ಲಿ ಕೂತು ಡಬ್ಬ ಬಡಿಯುತ್ತಾನೆ, ಪಟಾಕಿ ಸಿಡಿಸುತ್ತಾನೆ. ಆದರೆ ಆ ಸದ್ದು ಆನೆಗೆಂದೇ ಮಾಡಿದ್ದು: ನಾನಿದ್ದೇನೆ, ಈಚೆ ಬರಬೇಡ. ಮೋಜಿನ ಬೇಸ್ ಯಾರಿಗೂ ಏನನ್ನೂ ಹೇಳುತ್ತಿಲ್ಲ, ಪೆಂಡಾಲಿನಿಂದ ಸುಮ್ಮನೆ ಚೆಲ್ಲಿಹೋಗುತ್ತಿದೆ. ಸದ್ದಿಗೆ ಆನೆಗಳು ಒಗ್ಗಿಕೊಳ್ಳುತ್ತವೆ. ದಿನವೂ ಗುಂಯ್‌ಗುಡುವ ನೆಲದ ಮೇಲೆ, ಬೆಳೆ ಕಾಯುವವನ ಡಬ್ಬದ ಮಾತನ್ನು ಅವು ಎಷ್ಟು ದಿನ ನಂಬಿಯಾವು?